ನಾಲ್ಕೂವರೆ ಗಂಟೆ ನಿದ್ದೆ, ಒಂದೂ ಕನಸು ನೆನಪಿಲ್ಲ. ಏನು ಮಾಡಲಿ?

ನಾಲೆಏರಿ (ಭಾನುವಾರ, ರಾತ್ರಿ 10:20)

ಎಲ್ಲರಿಗೂ ನಮಸ್ಕಾರ. ಇದನ್ನು ಯಾರ ಹತ್ತಿರ ಕೇಳಬೇಕು ಗೊತ್ತಾಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಇಂಜಿನಿಯರಿಂಗ್ ಐದನೇ ಸೆಮಿಸ್ಟರ್. ಮನೆ ಮದ್ದೂರಿನ ಹತ್ತಿರ ಒಂದು ಹಳ್ಳಿ, ಕಾಲೇಜು ಕೆಂಗೇರಿ ಕಡೆ. ದಿನಾ ರೈಲಿನಲ್ಲಿ ಓಡಾಟ. ಬೆಳಗ್ಗೆ 4:45ಕ್ಕೆ ಅಲಾರಂ. ಅಪ್ಪ ಬೈಕಿನಲ್ಲಿ ಸ್ಟೇಷನ್ನಿಗೆ ಬಿಡುತ್ತಾರೆ. ಸಂಜೆ ಮನೆ ಸೇರುವಾಗ ಏಳೂವರೆ. ಊಟ ಮುಗಿಸಿ ಲ್ಯಾಬ್ ರೆಕಾರ್ಡ್, ಅಸೈನ್‌ಮೆಂಟ್, ಇಂಟರ್ನಲ್ಸ್ ಇದ್ದರೆ ಅದರ ಓದು, ಹೀಗೆ ಎಲ್ಲ ಮುಗಿಸಿ ದಿಂಬಿಗೆ ತಲೆ ಕೊಡುವಾಗ 12 ದಾಟಿರುತ್ತದೆ. ಲೆಕ್ಕ ಹಾಕಿದರೆ ನಾಲ್ಕೂವರೆ ಗಂಟೆ ನಿದ್ದೆ.

ನನ್ನ ಪ್ರಶ್ನೆ ನಿದ್ದೆಯದ್ದಲ್ಲ, ಕನಸಿನದ್ದು. ಏಳನೇ ಕ್ಲಾಸಿನವರೆಗೆ ನಾನು ನಾಗಮಂಗಲದ ಕಡೆ ಅಜ್ಜಿ ಮನೆಯಲ್ಲಿ ಬೆಳೆದೆ. ಅಜ್ಜಿ ಬಾಗಿಲಿಗೆ ಸಗಣಿ ನೀರು ಹಾಕಿ ರಂಗೋಲಿ ಬಿಡುವಾಗ ನಾನು ಹೊಸಿಲ ಮೇಲೆ ಕೂತಿರುತ್ತಿದ್ದೆ. ಅಜ್ಜಿ ತಲೆ ಎತ್ತದೇ ಕೇಳುತ್ತಿದ್ದರು, "ಏನ್ ಕನಸ್ ಬಿತ್ತು ಮಗಾ?" ನಾನು ಹೇಳುತ್ತಿದ್ದೆ. ಅಜ್ಜಿ ತಮ್ಮದನ್ನೂ ಹೇಳುತ್ತಿದ್ದರು. ಅರ್ಥ ಬಿಡಿಸುವುದು, ಶಕುನ ನೋಡುವುದು ಏನೂ ಇಲ್ಲ, ಸುಮ್ನೆ ಹೇಳುವುದು ಕೇಳುವುದು ಅಷ್ಟೇ. ದಿನಾ ಹೇಳುವುದಕ್ಕೆ ಏನಾದರೂ ಇರುತ್ತಿತ್ತು.

ಈಗ ಪ್ರತಿ ಭಾನುವಾರ ಫೋನ್ ಮಾಡುತ್ತೇನೆ. ಅಜ್ಜಿ ಈಗಲೂ ಅದನ್ನೇ ಕೇಳುತ್ತಾರೆ. ಒಂದೂವರೆ ವರ್ಷದಿಂದ ನನ್ನ ಹತ್ತಿರ ಹೇಳುವುದಕ್ಕೆ ಏನೂ ಇಲ್ಲ. ಇವತ್ತು ಸಂಜೆ "ನಿಂಗೆ ಕನಸೇ ಬೀಳಲ್ವಾ ಈಗ?" ಅಂದರು. ಆ ದನಿ ಕೇಳಿ ತುಂಬಾ ಬೇಜಾರಾಯಿತು. ಕೆಲವು ದಿನ ಎದ್ದಾಗ ಏನೋ ಇತ್ತು ಅಂತ ಗೊತ್ತಿರುತ್ತದೆ, ಎದೆಯಲ್ಲಿ ಅದರ ಭಾರ ಇರುತ್ತದೆ, ಆದರೆ ಹಲ್ಲುಜ್ಜುವಷ್ಟರಲ್ಲಿ ಖಾಲಿ. ಮೂಗ ಕಂಡ ಕನಸು ಅಂತಾರಲ್ಲ, ಹಾಗೆ.

ಇಷ್ಟು ಕಡಿಮೆ ನಿದ್ದೆ ಮಾಡುವವರಿಗೆ ಕನಸು ಬೀಳುವುದೇ ಇಲ್ಲವಾ? ಬಿದ್ದರೆ ಅದನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ? "ಜಾಸ್ತಿ ಮಲಗು" ಅಂತ ಮಾತ್ರ ಹೇಳಬೇಡಿ, ಈ ಸೆಮಿಸ್ಟರ್ ಅದು ಆಗುವ ಮಾತಲ್ಲ.

ಅರ್ಧಚಂದ್ರ (ಭಾನುವಾರ, ರಾತ್ರಿ 10:52)

ಬೇಡ ಅಂದರೂ ಅದನ್ನೇ ಹೇಳುತ್ತೇನೆ ತಂಗಿ, ಕೋಪ ಮಾಡಿಕೊಳ್ಳಬೇಡಿ. ನಾನು ಧಾರವಾಡದಲ್ಲಿ ರೂಮು ಮಾಡಿ ಕೆಎಎಸ್‌ಗೆ ಓದುತ್ತಿರುವವನು. ಹೋದ ವರ್ಷ ಪ್ರಿಲಿಮ್ಸ್ ಮುಂಚೆ ಎರಡು ತಿಂಗಳು ದಿನಕ್ಕೆ ನಾಲ್ಕು ಗಂಟೆ ಮಲಗಿದೆ. ಒಂದು ದಿನ ಬೆಳಗಿನ ಜಾವ ಎಚ್ಚರ ಆಯಿತು, ಕಣ್ಣು ಬಿಟ್ಟಿದೆ, ಫ್ಯಾನು ಕಾಣುತ್ತಿದೆ, ಆದರೆ ಕೈಕಾಲು ಅಲ್ಲಾಡುತ್ತಿಲ್ಲ. ಎದೆ ಮೇಲೆ ಯಾರೋ ಕೂತ ಹಾಗೆ. ಕೂಗಬೇಕು ಅಂದರೆ ದನಿ ಇಲ್ಲ. ಒಂದು ನಿಮಿಷವೂ ಇರಲಿಕ್ಕಿಲ್ಲ, ಆದರೆ ಜೀವ ಹೋದ ಹಾಗಾಯಿತು. ಆಮೇಲೆ ವಾರಕ್ಕೆ ಎರಡು ಸಲ ಬರತೊಡಗಿತು. ಡಾಕ್ಟರ್ ಹೇಳಿದ್ದು, ಕನಸು ಕಾಣುವ ನಿದ್ದೆಯಲ್ಲಿ ಮೈಯ ಸ್ನಾಯುಗಳನ್ನು ಮೆದುಳು ಕಟ್ಟಿ ಹಾಕಿರುತ್ತದೆ, ನಿದ್ದೆ ಕೆಟ್ಟವರಲ್ಲಿ ಕೆಲವು ಸಲ ಆ ಕಟ್ಟು ಬಿಚ್ಚುವ ಮೊದಲೇ ಎಚ್ಚರ ಆಗಿಬಿಡುತ್ತದೆ ಅಂತ. ಆರೂವರೆ ಗಂಟೆ ಮಲಗೋಕೆ ಶುರು ಮಾಡಿದ ಮೇಲೆ ನಿಂತಿತು.

ಅದಕ್ಕೇ ಹೇಳುತ್ತಿದ್ದೇನೆ. ಕನಸು ಆಮೇಲೆ, ಮೊದಲು ನಿದ್ದೆ.

ರಾತ್ರಿಪಾಳಿ (ಭಾನುವಾರ, ರಾತ್ರಿ 11:35)

ಅರ್ಧಚಂದ್ರ ಹೇಳಿದ್ದು ಸರಿ ಐತಿ, ಆದರ ಆಕಿ ಕೇಳಿದ ಪ್ರಶ್ನೆಗೆ ಉತ್ತರ ಸಿಗಬೇಕಲ್ರೀ. ನಾನು ಹುಬ್ಬಳ್ಳಿಯೊಳಗ ಬಿಎಸ್‌ಸಿ ನರ್ಸಿಂಗ್ ಕಡೇ ವರ್ಷ. ಪಾಠದಲ್ಲಿ ಓದಿದ್ದನ್ನು ಬರೆಯುತ್ತೇನೆ, ಉದ್ದ ಆದರೆ ಕ್ಷಮಿಸಿ.

ಕನಸು ಬೀಳುತ್ತಿದೆ. ಅದರ ಬಗ್ಗೆ ಅನುಮಾನ ಬೇಡ. ನಿದ್ದೆ ಒಂದೇ ಸಮ ಇರುವುದಿಲ್ಲ, ಸುಮಾರು 90 ನಿಮಿಷದ ಸುತ್ತುಗಳಲ್ಲಿ ಹೋಗುತ್ತದೆ. ಪ್ರತಿ ಸುತ್ತಿನ ಕೊನೆಗೆ ಕಣ್ಣುಗುಡ್ಡೆ ರೆಪ್ಪೆಯೊಳಗೆ ಸರಸರ ಓಡಾಡುವ ಒಂದು ಹಂತ ಬರುತ್ತದೆ. ಅದಕ್ಕೆ ರೆಮ್ ನಿದ್ದೆ ಅಂತ ಹೆಸರು. ಕಥೆ ಥರ ಬೀಳುವ ಕನಸುಗಳು ಹೆಚ್ಚಾಗಿ ಇಲ್ಲೇ. ಬೇರೆ ಹಂತಗಳಲ್ಲೂ ಕನಸು ಇರುತ್ತದೆ, ಆದರೆ ತುಣುಕು ತುಣುಕು.

ಮುಖ್ಯವಾದ ಮಾತು ಈಗ. ಮೊದಲ ಸುತ್ತಿನಲ್ಲಿ ರೆಮ್ ಕೆಲವೇ ನಿಮಿಷ ಇರುತ್ತದೆ. ಸುತ್ತು ಕಳೆದಂತೆ ಉದ್ದ ಆಗುತ್ತಾ ಹೋಗಿ, ಕೊನೆಯ ಸುತ್ತಿನಲ್ಲಿ ಅರ್ಧ ಗಂಟೆ, ಕೆಲವು ಸಲ ಅದಕ್ಕೂ ಜಾಸ್ತಿ ಇರುತ್ತದೆ. ಏಳೂವರೆ ಗಂಟೆ ಮಲಗುವವರಿಗೆ ಐದು ಸುತ್ತು. ನಿಮಗೆ ಮೂರು. ಅಂದರೆ ನೀವು ಕಳೆದುಕೊಳ್ಳುತ್ತಿರುವುದು ನಿದ್ದೆಯ ಐದರಲ್ಲಿ ಎರಡು ಭಾಗ ಅಷ್ಟೇ ಅಲ್ಲ, ಕನಸಿನ ದೊಡ್ಡ ಪಾಲು. ಅದೂ ಅಲ್ಲದೆ ರೆಮ್ ನಿದ್ದೆಗೆ ದೇಹದ ಗಡಿಯಾರವೂ ಲೆಕ್ಕ. ಬೆಳಗಿನ ಜಾವಕ್ಕೆ ಅದು ಜೋರಾಗಿರುತ್ತದೆ. ನಿಮ್ಮ ಅಲಾರಂ ಸರಿಯಾಗಿ ಅದೇ ಹೊತ್ತಿಗೆ ಹೊಡೆಯುತ್ತಿದೆ.

ಇನ್ನು ಮರೆವಿನ ವಿಷಯ. ಎಚ್ಚರ ಇದ್ದಾಗ ನೆನಪನ್ನು ಗಟ್ಟಿ ಮಾಡುವುದಕ್ಕೆ ನೆರವಾಗುವ ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕ ರೆಮ್ ಹೊತ್ತಿನಲ್ಲಿ ಮೆದುಳಲ್ಲಿ ತುಂಬಾ ಕಡಿಮೆ ಇರುತ್ತದೆ. ಹಾಗಾಗಿ ಕನಸು ಮೆದುಳಲ್ಲಿ ನಡೆಯುತ್ತದೆ ಆದರೆ ಅಚ್ಚಾಗುವುದಿಲ್ಲ. ಎಚ್ಚರ ಆದ ಮೊದಲ ಒಂದೆರಡು ನಿಮಿಷದಲ್ಲಿ ಅದನ್ನು ಹಿಡಿದು ಮನಸ್ಸಿನಲ್ಲಿ ತಿರುವಿ ಹಾಕಿದರೆ ಉಳಿಯುತ್ತದೆ. ಆ ಹೊತ್ತಿನಲ್ಲಿ "ಅಯ್ಯೋ ರೈಲು" ಅಂತ ಬೇರೆ ಯೋಚನೆ ಬಂದರೆ ಮುಗಿಯಿತು. ನಿಮ್ಮದು ಅದೇ ಅಲ್ವಾ?

ನಾನು ಡ್ಯೂಟಿ ಮುಗಿಸಿ ಬಂದು ಹಾಸ್ಟೆಲ್‌ನಲ್ಲಿ ಬೆಳಗ್ಗೆ ಎಂಟೂವರೆಗೆ ಮಲಗಿದರೆ ಬೀಳುವ ಕನಸುಗಳು ರಾತ್ರಿಯದಕ್ಕಿಂತ ಬಹಳ ಜೋರಾಗಿರುತ್ತವೆ. ಕಾರಣ ಇದೇ ಗಡಿಯಾರ.

ಹಿಪ್ಪುನೇರಳೆ (ಸೋಮವಾರ, ಬೆಳಗಿನ ಜಾವ 1:15)

ಈಗ ಸೊಪ್ಪು ಹಾಕಿ ಬಂದು ಕೂತೆ, ಇದನ್ನು ಓದಿದೆ. ನಮ್ಮದು ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆ. ನಾನು ಬಿಕಾಂ ಎರಡನೇ ವರ್ಷ. ಹುಳ ನಾಲ್ಕನೇ ಜ್ವರ (ಪೊರೆ ಬಿಡುವುದಕ್ಕೆ ನಾವು ಹಾಗನ್ನುತ್ತೇವೆ) ಎದ್ದ ಮೇಲೆ ಒಂದು ವಾರ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆ ಇರುವುದಿಲ್ಲ. ರಾತ್ರಿಯೂ ಸೊಪ್ಪು ಹಾಕಬೇಕು. ಅಮ್ಮ, ಅಣ್ಣ, ನಾನು ಸರದಿ ಹಾಕಿಕೊಂಡಿದ್ದೇವೆ. ನಾನು 9:30ಕ್ಕೆ ಮಲಗಿ 12:30ಕ್ಕೆ ಏಳುತ್ತೇನೆ, ಸೊಪ್ಪು ಹಾಕಿ ಮತ್ತೆ ಎರಡರಿಂದ ಐದೂವರೆ ಮಲಗುತ್ತೇನೆ.

ಆಶ್ಚರ್ಯ ಏನೆಂದರೆ ಆ ಒಂದು ವಾರ ನನಗೆ ಕನಸು ತುಂಬಾ ನೆನಪಿರುತ್ತದೆ. ಉಳಿದ ದಿನ ಅಷ್ಟಿಲ್ಲ. ಹುಳ ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಬಂದ ಹಾಗಿರುತ್ತದೆ. ಅದನ್ನು ಕೇಳುತ್ತಾ ಮತ್ತೆ ಮಲಗಿದರೆ ಎರಡನೇ ನಿದ್ದೆಯಲ್ಲಿ ಬರೀ ಕನಸು. ಇದು ಯಾಕೆ ಹೀಗೆ ಅಂತ ರಾತ್ರಿಪಾಳಿ ಅಕ್ಕ ಹೇಳಬಹುದಾ?

ರಾತ್ರಿಪಾಳಿ (ಸೋಮವಾರ, ಬೆಳಗ್ಗೆ 7:40)

ಫ್ರಾನ್ಸ್‌ನ ಲಿಯೋನ್‌ನಲ್ಲಿ ಒಂದು ಅಧ್ಯಯನ ಮಾಡಿದ್ದರು. ಕನಸು ಚೆನ್ನಾಗಿ ನೆನಪಿರುವವರನ್ನೂ ನೆನಪೇ ಇರದವರನ್ನೂ ಹೋಲಿಸಿದಾಗ, ನೆನಪಿರುವವರು ರಾತ್ರಿ ಮಧ್ಯೆ ಎಚ್ಚರ ಇರುವ ಹೊತ್ತು ಎಲ್ಲ ಸೇರಿ ಸುಮಾರು 30 ನಿಮಿಷ, ಇನ್ನೊಬ್ಬರದು ಅದರ ಅರ್ಧ. ಮಧ್ಯೆ ಎಚ್ಚರ ಆದಾಗಲೇ ಕನಸು ನೆನಪಿಗೆ ಇಳಿಯುತ್ತದೆ. ನಿನ್ನ ನಿದ್ದೆ ಎರಡು ತುಂಡಾಗಿದೆ, ಅದಕ್ಕೇ ನೆನಪಿದೆ ತಮ್ಮಾ.

ಆದರೆ ಯಾರೂ ಇದನ್ನು ಓದಿ ಮಧ್ಯರಾತ್ರಿಗೆ ಅಲಾರಂ ಇಟ್ಟುಕೊಳ್ಳಬೇಡಿ. ಇದು ಕನಸು ಅಂತ ಕನಸಿನೊಳಗೇ ತಿಳಿಯುವುದನ್ನು ಕಲಿಯಲು ಐದು ಗಂಟೆ ಮಲಗಿ ಎದ್ದು ಮತ್ತೆ ಮಲಗಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಎಂಟು ಗಂಟೆ ಮಲಗುವವರು ಬೇಕಾದರೆ ಮಾಡಲಿ. ನಾಲ್ಕೂವರೆ ಗಂಟೆ ಮಲಗುವವರು ಅದನ್ನೂ ಒಡೆದರೆ ಆರೋಗ್ಯ ಕೈ ಕೊಡುತ್ತದೆ.

ಕಡಲತೀರ (ಸೋಮವಾರ, ಮಧ್ಯಾಹ್ನ 1:30)

ನಾನು ಪಿಯುಸಿ ಮಾಡಿದ್ದು ದಕ್ಷಿಣ ಕನ್ನಡದ ಒಂದು ಹಾಸ್ಟೆಲ್‌ನಲ್ಲಿ. ಐದಕ್ಕೆ ಗಂಟೆ. ಗಂಟೆ ಹೊಡೆದ ಕೂಡಲೇ ಟ್ಯೂಬ್‌ಲೈಟ್ ಹಾಕುತ್ತಿದ್ದರು, ವಾರ್ಡನ್ ಪ್ರತಿ ಮಂಚದ ಕಬ್ಬಿಣಕ್ಕೆ ಬೀಗದಿಂದ ಕುಟ್ಟುತ್ತಾ ಹೋಗುತ್ತಿದ್ದರು. ಎಂಟು ಜನ ಇದ್ದ ರೂಮು. ಐದೂಕಾಲಕ್ಕೆ ಸ್ಟಡಿ ಹಾಲ್‌ನಲ್ಲಿ ಇರಬೇಕು. ನೀಟ್ ತಯಾರಿ, ರಾತ್ರಿ ಹನ್ನೊಂದರವರೆಗೆ ಓದು. ಅಂಥ ಜಾಗದಲ್ಲೂ ನಾನು ಎರಡು ವರ್ಷ ಕನಸು ಬರೆದಿಟ್ಟೆ. ಫೋನ್ ಇಟ್ಟುಕೊಳ್ಳಲು ಬಿಡುತ್ತಿರಲಿಲ್ಲ. ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಗಳೇ ಗತಿ.

ನಾನು ಮಾಡುತ್ತಿದ್ದುದು ಇಷ್ಟು. ರಾತ್ರಿ ಮಲಗುವ ಮೊದಲೇ ನಾಳೆಯ ತಾರೀಕು ಬರೆದು ಕೆಳಗೆ ಜಾಗ ಬಿಡುತ್ತಿದ್ದೆ. ಪುಸ್ತಕ ತೆರೆದಿಟ್ಟು, ಪೆನ್ನು ಅದರ ಮೇಲೆ. ಆ ಖಾಲಿ ಜಾಗ ಕಾಯುತ್ತಿದೆ ಅನ್ನುವುದು ತಲೆಯಲ್ಲಿ ಉಳಿಯುತ್ತದೆ. ಬೆಳಗ್ಗೆ ಪೂರ್ತಿ ಕನಸು ಬರೆಯುವುದಕ್ಕೆ ಹೋಗುತ್ತಿರಲಿಲ್ಲ, ಅಷ್ಟು ಟೈಮೇ ಇಲ್ಲ. ಮೂರು ಪದ. "ದೋಣಿ, ಕೆಮಿಸ್ಟ್ರಿ ಸರ್, ಉಪ್ಪು." ಅಷ್ಟೇ. ಹಲ್ಲುಜ್ಜಲು ಕ್ಯೂ ನಿಂತಾಗ ಆ ಮೂರು ಪದ ಹಿಡಿದುಕೊಂಡು ಉಳಿದದ್ದನ್ನು ನೆನಪಿಸಿಕೊಳ್ಳುತ್ತಿದ್ದೆ, ತಿಂಡಿ ಹೊತ್ತಿಗೆ ಎರಡು ಸಾಲು ಸೇರಿಸುತ್ತಿದ್ದೆ.

ಇನ್ನೊಂದು ವಿಷಯ, ನನಗೆ ಇದೇ ಹೆಚ್ಚು ಉಪಯೋಗ ಆಗಿದ್ದು. ಏನೂ ನೆನಪಿಲ್ಲದ ದಿನ ಹಾಳೆಯನ್ನು ಖಾಲಿ ಬಿಡುತ್ತಿರಲಿಲ್ಲ. ಎದ್ದಾಗ ಮನಸ್ಸು ಹೇಗಿತ್ತೋ ಅದನ್ನು ಬರೆಯುತ್ತಿದ್ದೆ. "ಭಯ." "ಯಾರನ್ನೋ ಹುಡುಕಿದ ಹಾಗೆ." "ಖುಷಿ, ಕಾರಣ ಗೊತ್ತಿಲ್ಲ." ಚಿತ್ರ ಹೋದರೂ ಅದರ ರುಚಿ ಉಳಿದಿರುತ್ತದೆ. ನಾಲೆಏರಿ, ನೀವೇ ಬರೆದಿದ್ದೀರಲ್ಲ, ಎದೆಯಲ್ಲಿ ಭಾರ ಇರುತ್ತದೆ ಅಂತ. ಅದನ್ನೇ ಬರೆಯಿರಿ. ಹತ್ತು ಹದಿನೈದು ದಿನ ಬರೆದರೆ ಆ ಭಾರದ ಹಿಂದೆ ಒಂದು ಮುಖವೋ ಜಾಗವೋ ಬರತೊಡಗುತ್ತದೆ. ನನಗೆ ಬಂತು.

ಅರ್ಧಚಂದ್ರ (ಸೋಮವಾರ, ಮಧ್ಯಾಹ್ನ 2:10)

ವಿಟಮಿನ್ ಬಿ6 ಮಾತ್ರೆ ತಗೊಂಡರೆ ಕನಸು ನೆನಪಿರುತ್ತದೆ ಅಂತ ನನ್ನ ರೂಮ್‌ಮೇಟ್ ತಂದಿಟ್ಟಿದ್ದಾನೆ. ಇದು ನಿಜವಾ?

ರಾತ್ರಿಪಾಳಿ (ಸೋಮವಾರ, ಸಂಜೆ 6:05)

ಪೂರ್ತಿ ಸುಳ್ಳಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಒಂದು ಪ್ರಯೋಗ ಆಗಿತ್ತು, 2018ರಲ್ಲಿ ಬಂತು. ಐದು ದಿನ ಮಲಗುವ ಮುಂಚೆ 240 ಮಿಲಿಗ್ರಾಂ ಕೊಟ್ಟರು. ಕನಸು ನೆನಪಾಗುವುದು ಹೆಚ್ಚಿತು. ಆದರೆ ನಮ್ಮ ವಯಸ್ಸಿನವರಿಗೆ ದಿನಕ್ಕೆ ಬೇಕಾಗಿರುವುದು ಸುಮಾರು 1.3 ಮಿಲಿಗ್ರಾಂ. ಎಷ್ಟು ಪಟ್ಟು ಆಯಿತು ನೋಡ್ರಿ. ಇಷ್ಟು ದೊಡ್ಡ ಪ್ರಮಾಣವನ್ನು ಬಹಳ ದಿನ ನುಂಗಿದರೆ ನರಗಳಿಗೆ ಪೆಟ್ಟು ಬೀಳುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಡಾಕ್ಟರ್ ಕೇಳದೆ ಬೇಡ. ಬಾಳೆಹಣ್ಣು, ಕಡಲೆಕಾಳು ತಿನ್ನಲಿ ನಿಮ್ಮ ಗೆಳೆಯ, ಅದರಲ್ಲೂ ಬಿ6 ಇದೆ.

ಹಾಗೇ ಇನ್ನೊಂದು ಮಾತು. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ರೆಮ್ ನಿದ್ದೆ ಕಡಿಮೆ ಮಾಡುತ್ತವೆ. ಅಂಥದ್ದು ತಗೊಳ್ಳುವವರು ಕನಸಿನ ಆಸೆಗೆ ಮಾತ್ರೆ ನಿಲ್ಲಿಸಬಾರದು. ಕಾಫಿ ವಿಷಯವೂ ಅಷ್ಟೇ, ಕುಡಿದ ಕಾಫಿಯ ಅರ್ಧ ಶಕ್ತಿ ಸುಮಾರು ಐದು ಗಂಟೆ ಆದರೂ ಮೈಯಲ್ಲಿ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಕುಡಿದು ಹನ್ನೆರಡಕ್ಕೆ ಮಲಗಿದರೆ ಇರುವ ನಾಲ್ಕೂವರೆ ಗಂಟೆಯೂ ಹಗುರ ಆಗುತ್ತದೆ.

ವಿಜ್ಞಾನಮೇಷ್ಟ್ರು (ಸೋಮವಾರ, ರಾತ್ರಿ 8:45)

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಮಕ್ಕಳು ಇಷ್ಟು ಚೆನ್ನಾಗಿ ಚರ್ಚೆ ಮಾಡುವುದನ್ನು ನೋಡಿ ಸುಮ್ಮನೆ ಇರಲು ಆಗಲಿಲ್ಲ.

ರೆಮ್ ನಿದ್ದೆಯನ್ನು ಕಂಡುಹಿಡಿದವನೇ ಒಬ್ಬ ವಿದ್ಯಾರ್ಥಿ, ತಾಯಿ. ಯೂಜಿನ್ ಅಸೆರಿನ್‌ಸ್ಕಿ ಅಂತ, ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ. ಸಂಸಾರ ಇತ್ತು, ಕೈಯಲ್ಲಿ ಕಾಸಿರಲಿಲ್ಲ. ತನ್ನ ಎಂಟು ವರ್ಷದ ಮಗನನ್ನೇ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಕಣ್ಣಿನ ಪಕ್ಕ ತಂತಿ ಅಂಟಿಸಿ ಮಲಗಿಸಿದ. ಹುಡುಗ ಗಾಢ ನಿದ್ದೆಯಲ್ಲಿದ್ದಾನೆ, ಆದರೆ ಯಂತ್ರದ ಪೆನ್ನು ಎಚ್ಚರ ಇದ್ದವರ ಹಾಗೆ ಗೀಚುತ್ತಿದೆ. ಯಂತ್ರ ಕೆಟ್ಟಿದೆ ಅಂತಲೇ ಮೊದಲು ಅಂದುಕೊಂಡ. 1953ರಲ್ಲಿ ತನ್ನ ಗುರು ನಥಾನಿಯಲ್ ಕ್ಲೈಟ್‌ಮನ್ ಜೊತೆ ಸೇರಿ ಅದನ್ನು ಪ್ರಕಟಿಸಿದ. ಆ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೆ ಹೆಚ್ಚಿನ ಜನ ಕನಸು ಹೇಳುತ್ತಾರೆ ಅನ್ನುವುದು ಆಗಲೇ ಗೊತ್ತಾಯಿತು. ಅಂದರೆ "ನನಗೆ ಕನಸೇ ಬೀಳುವುದಿಲ್ಲ" ಅನ್ನುವವರಲ್ಲೂ ಬಹುತೇಕರಿಗೆ ಬೀಳುತ್ತದೆ, ಎಬ್ಬಿಸಿದ ಹೊತ್ತು ಸರಿ ಇರಬೇಕು.

ಕಡಲತೀರ ಹೇಳಿದ ಮೂರು ಪದದ ವಿಷಯಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಓದಲು ಬರುವ ಹಾಗೆ ಬರೆಯಿರಿ. ಆಟೊ ಲೋಯಿ ಅಂತ ಒಬ್ಬ ವಿಜ್ಞಾನಿ ಆಸ್ಟ್ರಿಯಾದ ಗ್ರಾಜ್‌ನಲ್ಲಿದ್ದ. ನರ ಹೃದಯಕ್ಕೆ ಸುದ್ದಿ ಮುಟ್ಟಿಸುವುದು ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಅನ್ನುವುದು ಅವನ ತಲೆ ಕೊರೆಯುತ್ತಿತ್ತು. ಒಂದು ರಾತ್ರಿ ಕನಸಿನಲ್ಲಿ ಪ್ರಯೋಗ ಹೊಳೆಯಿತು. ಎದ್ದು ಸಣ್ಣ ಚೀಟಿಯಲ್ಲಿ ಗೀಚಿ ಮಲಗಿದ. ಬೆಳಗ್ಗೆ ನೋಡಿದರೆ ಅವನ ಬರಹ ಅವನಿಗೇ ಓದಲು ಬರಲಿಲ್ಲ! ಇಡೀ ದಿನ ಒದ್ದಾಡಿದ. ಮಾರನೇ ರಾತ್ರಿ ಮೂರು ಗಂಟೆಗೆ ಅದೇ ಮತ್ತೆ ಬಂತು. ಈ ಸಲ ಚೀಟಿಯ ಗೊಡವೆಗೆ ಹೋಗದೆ ನೇರವಾಗಿ ಪ್ರಯೋಗಾಲಯಕ್ಕೆ ಹೋದ. ಎರಡು ಕಪ್ಪೆ ಹೃದಯ. ಒಂದರ ನರ ಕೆಣಕಿ ಬಡಿತ ನಿಧಾನ ಮಾಡಿದ, ಅದು ಮಿಂದ ದ್ರವವನ್ನು ಇನ್ನೊಂದಕ್ಕೆ ಹಾಕಿದ. ಅದರ ಬಡಿತವೂ ನಿಧಾನ ಆಯಿತು. ರಾಸಾಯನಿಕವೇ ಅಂತ ಸಾಬೀತಾಯಿತು. 1936ರಲ್ಲಿ ನೊಬೆಲ್ ಬಂತು. ನನ್ನ ಕ್ಲಾಸಿನಲ್ಲಿ ಈ ಕಥೆ ಹೇಳದೆ ನರಮಂಡಲದ ಪಾಠ ಮುಗಿಸಿದ್ದೇ ಇಲ್ಲ.

ಬೆಳಗಿನ ಜಾವದ ಕನಸು ನಿಜ ಆಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದಕ್ಕೂ ಇದೇ ಕಾರಣ ಇರಬಹುದು ಅಂತ ನನ್ನ ಅನಿಸಿಕೆ. ಕೋಳಿ ಕೂಗುವ ಹೊತ್ತಿನ ಕನಸು ಉದ್ದ, ಬಣ್ಣ ಜಾಸ್ತಿ, ಕೂಡಲೇ ಎಚ್ಚರ ಆಗುವುದರಿಂದ ನೆನಪಲ್ಲಿ ನಿಲ್ಲುತ್ತದೆ. ನೆನಪಿದ್ದ ಕನಸು ತಾನೆ ನಿಜ ಆಯಿತೋ ಇಲ್ಲವೋ ಅಂತ ನೋಡಲು ಆಗುವುದು?

ಕೊನೆಗೆ ಒಂದು ಪ್ರಶ್ನೆ ನಾಲೆಏರಿಗೆ. ಮದ್ದೂರಿನಿಂದ ಕೆಂಗೇರಿಗೆ ರೈಲಿನಲ್ಲಿ ಒಂದು ಗಂಟೆಯ ಮೇಲೆ ಆಗುತ್ತದೆ. ಆ ಹೊತ್ತಿನಲ್ಲಿ ಏನು ಮಾಡುತ್ತೀಯಮ್ಮ?

ನಾಲೆಏರಿ (ಸೋಮವಾರ, ರಾತ್ರಿ 11:50)

ಎಲ್ಲರ ಉತ್ತರ ಓದಿದೆ. ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಮೇಷ್ಟ್ರೇ, ರೈಲಿನಲ್ಲಿ ಸೀಟು ಸಿಕ್ಕಿದ ದಿನ ತೂಕಡಿಸುತ್ತೇನೆ. ಚನ್ನಪಟ್ಟಣ ದಾಟಿದ ಮೇಲೆ ಗೊತ್ತೇ ಆಗುವುದಿಲ್ಲ, ಬಿಡದಿ ಹತ್ತಿರ ಯಾರಾದರೂ ಇಳಿಯುವ ಗದ್ದಲಕ್ಕೆ ಎಚ್ಚರ ಆಗುತ್ತದೆ. ಕೂಡಲೇ ಫೋನ್ ತೆಗೆದು ಕ್ಲಾಸ್ ಗ್ರೂಪ್ ನೋಡುತ್ತೇನೆ.

ರಾತ್ರಿಪಾಳಿ (ಮಂಗಳವಾರ, ಬೆಳಗ್ಗೆ 6:20)

ಅಲ್ಲೇ ಐತ್ರಿ ನಿಮ್ಮ ಕನಸು! ಮೇಷ್ಟ್ರು ಸರಿಯಾಗಿ ಹಿಡಿದರು. ಮಧ್ಯಾಹ್ನ ತೂಕಡಿಸಿದರೆ ಅದರಲ್ಲಿ ರೆಮ್ ಕಡಿಮೆ. ಬೆಳಗಿನ ಜೊಂಪಿನಲ್ಲಿ ಜಾಸ್ತಿ. ಅದೂ ರಾತ್ರಿ ರೆಮ್ ಕಳೆದುಕೊಂಡವರಿಗೆ ಮೆದುಳು ಸಿಕ್ಕ ಅವಕಾಶದಲ್ಲಿ ಆ ಸಾಲ ತೀರಿಸಿಕೊಳ್ಳಲು ನೋಡುತ್ತದೆ. ನೀವು ಮನೆಯಲ್ಲಿ ಅರ್ಧಕ್ಕೆ ಬಿಟ್ಟ ಸುತ್ತನ್ನು ರೈಲಿನಲ್ಲಿ ಮುಂದುವರಿಸುತ್ತಿದ್ದೀರಿ. ಎಚ್ಚರ ಆದ ಕೂಡಲೇ ಫೋನ್ ನೋಡುತ್ತೀರಿ, ಕನಸು ಅಳಿಸಿ ಹೋಗುತ್ತದೆ. ಮನೆಯಲ್ಲಿ 4:45ಕ್ಕೆ ಹಿಡಿಯುವುದು ಕಷ್ಟ. ರೈಲಿನಲ್ಲಿ ಹಿಡಿಯಿರಿ. ಇಳಿಯುವ ಅವಸರ ಇನ್ನೂ ಇರುವುದಿಲ್ಲವಲ್ಲ, ಬಿಡದಿಯಿಂದ ಕೆಂಗೇರಿವರೆಗೆ ಟೈಮ್ ಸಿಗುತ್ತದೆ.

ಎಚ್ಚರ ಆದಾಗ ಕಣ್ಣು ಬಿಡಬೇಡಿ. ತಲೆ ಯಾವ ಕಡೆ ವಾಲಿತ್ತೋ ಹಾಗೇ ಇರಲಿ. "ಈಗ ಎಲ್ಲಿದ್ದೆ?" ಅಂತ ಒಂದು ಸಲ ಕೇಳಿಕೊಳ್ಳಿ. ಕೊನೆಯ ಚಿತ್ರ ಸಿಕ್ಕರೆ ಅದರಿಂದ ಹಿಂದಕ್ಕೆ ಹೋಗಿ. ಬ್ಯಾಗನ್ನು ಮಾತ್ರ ತಬ್ಬಿ ಹಿಡಿದುಕೊಂಡು ಮಲಗಿರಿ, ಗೆಳತಿಯರ ಪಕ್ಕ ಕೂರಿ.

ಹಿಪ್ಪುನೇರಳೆ (ಮಂಗಳವಾರ, ರಾತ್ರಿ 9:00)

ಫೋನಿನಲ್ಲಿ ಬರೆಯಬೇಡಿ ಅಕ್ಕ. ನಾನು ಮೊದಲು ಹಾಗೆ ಮಾಡುತ್ತಿದ್ದೆ. ಸ್ಕ್ರೀನ್ ಬೆಳಗಿದ ಕೂಡಲೇ ಮೂರು ಮೆಸೇಜು ಕಾಣುತ್ತವೆ, ಕನಸು ಮರೆತುಹೋಗುತ್ತದೆ. ಸಣ್ಣ ಡೈರಿ ಒಳ್ಳೆಯದು. ನಾನು ಸೊಪ್ಪಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಬರೆಯುತ್ತೇನೆ, ಒಂದು ಕಡೆ ಎಷ್ಟು ಕೆಜಿ ಸೊಪ್ಪು, ಇನ್ನೊಂದು ಕಡೆ ಕನಸು.

ನಾಲೆಏರಿ (ಬುಧವಾರ, ರಾತ್ರಿ 12:05)

ಇವತ್ತು ಸೀಟು ಸಿಗಲಿಲ್ಲ. ನಿಂತೇ ಹೋದೆ. ಆದರೆ ಒಂದು ವಿಷಯ ನೆನಪಾಯಿತು, ಅದನ್ನು ಹೇಳಲೇಬೇಕು.

ಚಿಕ್ಕವಳಿದ್ದಾಗ ಅಜ್ಜಿ ಒಂದು ಮಾತು ಹೇಳುತ್ತಿದ್ದರು. "ಎಚ್ಚರಾದ್ ತಕ್ಷಣ ಮಗ್ಗಲು ತಿರುಗ್ಬ್ಯಾಡ, ಕನಸು ಚೆಲ್ಲೋಯ್ತದೆ." ಕೊಡ ಹೊತ್ತಾಗ ಅಲ್ಲಾಡಬೇಡ ಅನ್ನುವ ಹಾಗೆ ಹೇಳುತ್ತಿದ್ದರು. ಅಕಸ್ಮಾತ್ ತಿರುಗಿದ್ದರೆ ಮತ್ತೆ ಮೊದಲಿದ್ದ ಮಗ್ಗಲಿಗೇ ತಿರುಗಿ ಮಲಗು, ವಾಪಸ್ಸು ಬರುತ್ತದೆ ಅನ್ನುತ್ತಿದ್ದರು. ನಾನು ಹಾಗೇ ಮಾಡುತ್ತಿದ್ದೆ, ಎಷ್ಟೋ ಸಲ ಬರುತ್ತಿತ್ತು ಕೂಡ. ರಾತ್ರಿಪಾಳಿ ಅಕ್ಕ ಬರೆದದ್ದನ್ನು ಓದಿದಾಗ ಮೈ ಜುಮ್ ಅಂದಿತು. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಇದು ಹೇಗೆ ಗೊತ್ತಿತ್ತು? ಇಷ್ಟು ವರ್ಷ ಅದನ್ನು ಮರೆತಿದ್ದೆನಲ್ಲ ಅಂತ ಅನ್ನಿಸಿತು.

ವಿಜ್ಞಾನಮೇಷ್ಟ್ರು (ಬುಧವಾರ, ಬೆಳಗ್ಗೆ 7:15)

ಗೊತ್ತಿರುವುದರಲ್ಲಿ ಆಶ್ಚರ್ಯ ಇಲ್ಲಮ್ಮ. ದಿನಾ ಗಮನಿಸಿದವರಿಗೆ ಗೊತ್ತಾಗುತ್ತದೆ. ಕೇಳುವವರು ಒಬ್ಬರು ಇದ್ದರೆ ನೆನಪಿಡುವುದು ಸುಲಭ. ನಿನಗೆ ಹೊಸಿಲ ಮುಂದೆ ಒಬ್ಬರು ಇದ್ದರು. ಅವರಿಗೋಸ್ಕರ ಮಲಗಿದಲ್ಲೇ ಕನಸನ್ನು ಜೋಡಿಸಿಕೊಂಡು ಬರುತ್ತಿದ್ದೆ.

ಕಡಲತೀರ (ಬುಧವಾರ, ಮಧ್ಯಾಹ್ನ 1:10)

ಮೇಷ್ಟ್ರ ಮಾತಿಗೆ ಇನ್ನೊಂದು. ಬರೆದದ್ದನ್ನು ಯಾರಿಗಾದರೂ ಅದೇ ದಿನ ಹೇಳಬೇಕು. ಹಾಸ್ಟೆಲ್‌ನಲ್ಲಿ ನಾನು ಪಕ್ಕದ ಮಂಚದವನಿಗೆ ಹೇಳುತ್ತಿದ್ದೆ. ಅವನು ಈಗ ಮಣಿಪಾಲದಲ್ಲಿ ಓದುತ್ತಿದ್ದಾನೆ, ಈಗಲೂ ಜೋರು ಕನಸು ಬಿದ್ದರೆ ಫೋನ್ ಮಾಡುತ್ತಾನೆ. ಭಾನುವಾರದವರೆಗೆ ಕಾಯಬೇಡಿ, ಅಜ್ಜಿಗೆ ರೈಲು ಇಳಿದ ಕೂಡಲೇ ಒಂದು ನಿಮಿಷ ಫೋನ್ ಮಾಡಿ.

ಅರ್ಧಚಂದ್ರ (ಗುರುವಾರ, ರಾತ್ರಿ 10:30)

ನಾನು ಮೊದಲ ದಿನ ಸ್ವಲ್ಪ ಒರಟಾಗಿ ಬರೆದೆ ಅನಿಸಿತು. ಆದರೂ ಒಂದು ಕೋರಿಕೆ. ಶನಿವಾರ ರಾತ್ರಿ ಒಂದಾದರೂ ಅಲಾರಂ ಇಡದೆ ಮಲಗಿ. ವಾರದ ಸಾಲ ಪೂರ್ತಿ ತೀರುವುದಿಲ್ಲ, ಆದರೆ ಆ ಕೊನೆಯ ಎರಡು ಸುತ್ತು ಸಿಗುತ್ತವಲ್ಲ. ಅಲಾರಂ ಇಲ್ಲದೆ ತಾನಾಗೇ ಎಚ್ಚರ ಆದಾಗ ಕನಸು ಹಿಡಿಯುವುದು ಎಷ್ಟು ಸಲೀಸು ಅಂತ ನಾನೇ ಈಗ ನೋಡುತ್ತಿದ್ದೇನೆ. ನಿನ್ನೆಯಿಂದ ನಾನೂ ಮೂರು ಪದ ಬರೆಯುತ್ತಿದ್ದೇನೆ. ಇವತ್ತಿನದು: "ಹಾಲ್ ಟಿಕೆಟ್, ಅತ್ತೆ ಮನೆ ಬಾವಿ, ಬೆಳಕು."

ರೆಕಾರ್ಡ್ ಬರೆಯುವುದನ್ನು ಕಾಲೇಜಿನ ಬಿಡುವಿನ ಪೀರಿಯಡ್‌ನಲ್ಲಿ ಮುಗಿಸಿದರೆ ದಿನಾ ಅರ್ಧ ಗಂಟೆ ಮುಂಚೆ ಮಲಗಬಹುದು. ಬೇರೆ ಯಾರೂ ಈ ಮಾತು ಹೇಳಲಿಲ್ಲ, ಅದಕ್ಕೆ ಹೇಳಿದೆ.

ನಾಲೆಏರಿ (ಮುಂದಿನ ಮಂಗಳವಾರ, ರಾತ್ರಿ 11:10)

ಈಗ 11:15ಕ್ಕೆ ಮಲಗುತ್ತಿದ್ದೇನೆ, ಅಣ್ಣ. ರೆಕಾರ್ಡ್ ಊಟದ ಬಿಡುವಿನಲ್ಲಿ ಲೈಬ್ರರಿಯಲ್ಲಿ ಬರೆಯುತ್ತೇನೆ. ಶನಿವಾರ ಏಳೂವರೆವರೆಗೆ ಮಲಗಿದೆ, ಅಮ್ಮ ಎಬ್ಬಿಸಲಿಲ್ಲ. ಅವತ್ತು ಏನೋ ದೊಡ್ಡದು ಬಿದ್ದಿತ್ತು, ಆದರೆ ಹೊರಗೆ ಮಿಕ್ಸಿ ಸದ್ದಿಗೆ ಹೋಯಿತು. ಡೈರಿಯಲ್ಲಿ "ನೀರು. ತಣ್ಣಗೆ." ಅಂತ ಬರೆದೆ.

ನಿನ್ನೆ ಮತ್ತು ಇವತ್ತು ಎರಡೂ ದಿನ ಸೀಟು ಸಿಕ್ಕಿತು. ಕಿಟಕಿ ಪಕ್ಕ. ನಿನ್ನೆ ಏನೂ ಬರಲಿಲ್ಲ, "ಅವಸರ" ಅಂತ ಬರೆದೆ. ಇವತ್ತು ರಾಮನಗರದಲ್ಲಿ ವಡೆ ಮಾರುವವರ ಕೂಗಿಗೆ ಎಚ್ಚರ ಆಯಿತು. ಕಣ್ಣು ಬಿಡಲಿಲ್ಲ. ತಲೆ ಕಿಟಕಿ ಸರಳಿಗೆ ಒರಗಿತ್ತು, ಹಾಗೇ ಇಟ್ಟೆ. ಎಲ್ಲಿದ್ದೆ ಅಂತ ಕೇಳಿಕೊಂಡೆ.

ಅಜ್ಜಿ ಊರಿನ ಕೆರೆ. ಏರಿ ಮೇಲೆ ನಾನು ನಿಂತಿದ್ದೇನೆ, ಕೆಳಗೆ ನೀರಿನ ಮೇಲೆ ನನ್ನ ಡ್ರಾಯಿಂಗ್ ಬೋರ್ಡು ತೇಲುತ್ತಿದೆ. ಬೋರ್ಡಿನ ಮೇಲೆ ಅಜ್ಜಿಯ ಕೋಳಿ ಕಾವು ಕೂತ ಹಾಗೆ ಕೂತಿದೆ. ಶೀಟು ನೆನೆಯುತ್ತದೆ ಅಂತ ನನಗೆ ಗಾಬರಿ ಇಲ್ಲ. ಗಾಳಿ ಬೀಸಿದಾಗ ಬೋರ್ಡು ತಿರುಗುತ್ತದೆ, ಕೋಳಿಯೂ ಜೊತೆಗೆ ತಿರುಗುತ್ತದೆ, ಮುಖ ಮಾತ್ರ ನನ್ನ ಕಡೆಗೇ ಇರುತ್ತದೆ. ಅಷ್ಟೇ. ಆದರೆ ಎಷ್ಟು ಸ್ಪಷ್ಟ ಇತ್ತು ಅಂದರೆ ಕೆರೆಯ ಪಾಚಿ ವಾಸನೆ ಬಂದ ಹಾಗಾಯಿತು.

ಡೈರಿಯಲ್ಲಿ "ಕೆರೆ, ಬೋರ್ಡು, ಕೋಳಿ" ಅಂತ ಬರೆದೆ. ಆಟೊ ಲೋಯಿ ನೆನಪಾಗಿ ದೊಡ್ಡ ಅಕ್ಷರದಲ್ಲಿ ಬರೆದೆ ಮೇಷ್ಟ್ರೇ. ಕೆಂಗೇರಿಯಲ್ಲಿ ಇಳಿದ ಕೂಡಲೇ ಪ್ಲಾಟ್‌ಫಾರ್ಮಿನಲ್ಲೇ ನಿಂತು ಅಜ್ಜಿಗೆ ಫೋನ್ ಮಾಡಿದೆ. ಇಷ್ಟು ಹೊತ್ತಿಗೆ ಫೋನ್ ಬಂತು ಅಂತ ಮೊದಲು ಹೆದರಿದರು. ಕನಸು ಹೇಳುತ್ತೇನೆ ಅಂದೆ. ಆ ಕಡೆ ಪೊರಕೆ ಕೆಳಗಿಟ್ಟ ಸದ್ದು ಕೇಳಿಸಿತು. ಪೂರ್ತಿ ಕೇಳಿದರು, ನಡುವೆ ಮಾತಾಡಲಿಲ್ಲ.

ಎಲ್ಲ ಮುಗಿದ ಮೇಲೆ, "ಕೋಳಿ ಯಾವ್ದು, ಕೆಂಚಿನಾ ಕರೀದಾ?" ಅಂದರು.

ನೋಡಿಲ್ಲ ಅಜ್ಜಿ ಅಂದೆ.

"ನಾಳೆ ನೋಡ್ಕೊಂಡ್ ಬಾ" ಅಂದರು.